ಹಳೆ ಫೋನೋಗ್ರಾಫ್‌ನ ಲೋಹದ ಭಾಗಗಳ ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಮಷೀನಿನಲ್ಲಿ ಮರ ಹಾಳಾದರೆ ಕಣ್ಣಿಗೆ ಕಾಣುತ್ತದೆ. ಲೋಹ ಹಾಗಲ್ಲ, ಒಳಗೊಳಗೇ ಹಾಳಾಗಿರುತ್ತದೆ. ಹೊರಗಡೆ ತುಕ್ಕು ಹಿಡಿದು ಕೆಟ್ಟದಾಗಿ ಕಾಣುವ ಉಕ್ಕಿನ ಭಾಗ ಒಂದು ದಿನದ ಕೆಲಸದಲ್ಲಿ ಸರಿಹೋಗುತ್ತದೆ. ಪಕ್ಕದಲ್ಲೇ ಚೆನ್ನಾಗಿ ಹೊಳೆಯುವ ಭಾಗ ಮುಟ್ಟಿದ ಕೂಡಲೇ ಪುಡಿಯಾಗುತ್ತದೆ. ಅದಕ್ಕೇ ಈ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಕೈ ಹಾಕುವ ಮೊದಲು ಅದು ಯಾವ ಲೋಹ ಅಂತ ತಿಳಿದುಕೊಳ್ಳಿ. ಸಿಲಿಂಡರ್ ಹಾಡಿಸುವ ಫೋನೋಗ್ರಾಫ್, ಪ್ಲೇಟು ಹಾಡಿಸುವ ಗ್ರಾಮಫೋನ್ ಎರಡೂ ಇಲ್ಲಿ ಸೇರಿವೆ.

ಮಷೀನು ಈಗಷ್ಟೇ ಕೈಗೆ ಬಂದಿದೆ. ಮೊದಲು ಏನು ಮಾಡಲಿ?

ಚಾವಿ ಕೊಡಬೇಡಿ. ಎಲ್ಲರಿಗೂ ಮೊದಲು ಅನ್ನಿಸುವುದೇ ಹ್ಯಾಂಡಲ್ ತಿರುಗಿಸಿ ನೋಡೋಣ ಅಂತ. ಐವತ್ತು ವರ್ಷ ಸುಮ್ನೆ ಕೂತಿದ್ದ ಸ್ಪ್ರಿಂಗಿನ ಗ್ರೀಸು ಒಣಗಿ ಗಟ್ಟಿಯಾಗಿರುತ್ತದೆ. ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಒಳಗೆ ಹಳೆ ಎಣ್ಣೆ ಅಂಟಾಗಿರುತ್ತದೆ. ಅಂಥ ಸ್ಥಿತಿಯಲ್ಲಿ ಪೂರ್ತಿ ಚಾವಿ ಕೊಟ್ಟರೆ ಸ್ಪ್ರಿಂಗ್ ತುಂಡಾಗಬಹುದು, ಹಲ್ಲು ಮುರಿಯಬಹುದು.

ಬದಲಿಗೆ ಫೋಟೋ ತೆಗೆಯಿರಿ. ಎಲ್ಲ ಕಡೆಯಿಂದ, ಜಾಸ್ತಿಯೇ ತೆಗೆಯಿರಿ. ಯಾವ ಸ್ಕ್ರೂ ಎಲ್ಲಿತ್ತು, ವಾಷರ್ ಯಾವ ಕಡೆ ಇತ್ತು, ಗವರ್ನರ್ ತೂಕಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು ಅನ್ನುವುದು ಎರಡು ವಾರದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಒಳ್ಳೆ ಬೆಳಕು ಇಟ್ಟುಕೊಂಡು ಒಂದೊಂದೇ ಭಾಗ ನೋಡುತ್ತಾ ಹೋಗಿ.

ಯಾವ ಭಾಗ ಯಾವ ಲೋಹದ್ದು ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ? ಎಲ್ಲದರ ಮೇಲೂ ನಿಕಲ್ ಇದೆಯಲ್ಲ.

ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಉಕ್ಕು ಅಥವಾ ಬೀಡು ಕಬ್ಬಿಣ. ನಿಕಲ್ ಕೂಡ ಅಯಸ್ಕಾಂತಕ್ಕೆ ಸ್ವಲ್ಪ ಎಳೆಯುತ್ತದೆ. ಆದರೆ ಲೇಪ ಬಹಳ ತೆಳ್ಳಗಿರುವುದರಿಂದ ಆ ಎಳೆತ ಗೊತ್ತಾಗುವುದೇ ಕಷ್ಟ. ಅಂಟದಿದ್ದರೆ ಹಿತ್ತಾಳೆ, ಅಲ್ಯೂಮಿನಿಯಂ ಅಥವಾ ಪಾಟ್ ಮೆಟಲ್ ಅನ್ನುವ ಸತುವಿನ ಎರಕ.

ಕೈಯಲ್ಲಿ ತೂಗಿದರೆ ಅಲ್ಯೂಮಿನಿಯಂ ತಕ್ಷಣ ಗೊತ್ತಾಗುತ್ತದೆ, ಅಷ್ಟು ಹಗುರ. ಹಿತ್ತಾಳೆಗೂ ಸತುವಿಗೂ ತೂಕದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಬಣ್ಣ ನೋಡಬೇಕು. ಸ್ಕ್ರೂ ತೂತಿನ ಒಳಗೆ, ನಿಕಲ್ ಹೋಗದ ಮೂಲೆಯಲ್ಲಿ, ಸೂಜಿಯಿಂದ ಒಂದು ಚುಕ್ಕೆಯಷ್ಟು ಗೀರಿ. ಹಳದಿ ಕಂಡರೆ ಹಿತ್ತಾಳೆ. ಮಬ್ಬು ಬೂದು ಬಣ್ಣ ಕಂಡರೆ ಪಾಟ್ ಮೆಟಲ್. ಅಂಚು ಮುರಿದಿದ್ದರೆ ಇನ್ನೂ ಸುಲಭ. ಹಾಳಾದ ಪಾಟ್ ಮೆಟಲ್ ಮುರಿದ ಜಾಗದಲ್ಲಿ ಸಕ್ಕರೆ ಅಚ್ಚಿನ ಹಾಗೆ ಹರಳು ಹರಳಾಗಿರುತ್ತದೆ.

ಪಾಟ್ ಮೆಟಲ್ ಯಾಕೆ ಹೀಗೆ ಬಿರುಕು ಬಿಡುತ್ತದೆ? ಯಾರೋ ಬೀಳಿಸಿರಬೇಕು, ಅಲ್ವಾ?

ಹೆಚ್ಚಿನ ಸಲ ಯಾರೂ ಬೀಳಿಸಿರುವುದಿಲ್ಲ. ಅದು ಹುಟ್ಟಿದಾಗಲೇ ಬಂದ ಕಾಯಿಲೆ. ಅಚ್ಚಿಗೆ ಹೊಯ್ಯಲು ಸುಲಭ, ಅಗ್ಗ ಅಂತ ಆಗಿನ ಕಾರ್ಖಾನೆಗಳು ಸತುವಿನ ಮಿಶ್ರಲೋಹ ಬಳಸಿದವು. ಆ ಸತುವಿನಲ್ಲಿ ಸೀಸ, ತವರ, ಕ್ಯಾಡ್ಮಿಯಂ ಚೂರು ಚೂರು ಬೆರೆತಿರುತ್ತಿತ್ತು. ಲೋಹದ ಹರಳುಗಳ ಸಂದಿಯಲ್ಲಿ ಈ ಕಲಬೆರಕೆ ಹೋಗಿ ಕೂರುತ್ತದೆ. ತೇವ, ಸೆಕೆ ಸಿಕ್ಕಿದಾಗ ಆ ಸಂದಿಗಳಿಂದಲೇ ಲೋಹ ಕೊರೆಯುತ್ತಾ ಹೋಗುತ್ತದೆ. ಕೊರೆದು ಹುಟ್ಟಿದ ಪುಡಿಗೆ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಭಾಗ ಉಬ್ಬುತ್ತದೆ, ಸೊಟ್ಟಗಾಗುತ್ತದೆ, ಕೊನೆಗೆ ಸೀಳುತ್ತದೆ.

ನ್ಯೂಜೆರ್ಸಿ ಝಿಂಕ್ ಕಂಪನಿ 1929ರಲ್ಲಿ ಝಮಾಕ್ ಅನ್ನುವ ಮಿಶ್ರಲೋಹ ತಂದಿತು. 99.99% ಶುದ್ಧ ಸತುವೇ ಅದರ ಬುನಾದಿ. ಕಲಬೆರಕೆ ಇಲ್ಲದಿದ್ದರೆ ಈ ಕಾಯಿಲೆಯೂ ಇಲ್ಲ ಅನ್ನುವುದು ಆಗ ಖಚಿತವಾಯಿತು. ನಮ್ಮ ಮಷೀನುಗಳಲ್ಲಿ ಬಹುಪಾಲು ಅದಕ್ಕೂ ಮುಂಚಿನವು. 1925ರಲ್ಲಿ ಬಂದ ಆರ್ಥೊಫೋನಿಕ್ ವಿಕ್ಟ್ರೋಲಾ ಗ್ರಾಮಫೋನಿನ ಸೌಂಡ್ ಬಾಕ್ಸ್ (ಸೂಜಿಯ ನಡುಕವನ್ನು ಸದ್ದಾಗಿಸುವ ದುಂಡು ಡಬ್ಬಿ), ಎಚ್‌ಎಂವಿಯ 5ಎ, 5ಬಿ ಸೌಂಡ್ ಬಾಕ್ಸ್, ಎಕ್ಸಿಬಿಷನ್ ಅನ್ನುವ ಮಾದರಿಯ ಸೌಂಡ್ ಬಾಕ್ಸಿನ ನಂತರದ ದಿನಗಳ ಹಿಂಬದಿಯ ಬಿಲ್ಲೆ (ಟೋನ್ ಆರ್ಮಿಗೆ, ಅಂದರೆ ಸೌಂಡ್ ಬಾಕ್ಸ್ ಹೊತ್ತ ಕೊಳವೆಗೆ, ಸಿಕ್ಕಿಸುವ ಭಾಗ), ಇವುಗಳಲ್ಲಿ ಈ ಕಾಟ ಜಾಸ್ತಿ.

ಒಂದೇ ಮಾದರಿಯ ಎರಡು ಸೌಂಡ್ ಬಾಕ್ಸ್ ಪಕ್ಕಪಕ್ಕ ಇಟ್ಟರೆ ಒಂದು ಹೊಸದರ ಹಾಗಿರುತ್ತದೆ, ಇನ್ನೊಂದು ಬಿರಿದಿರುತ್ತದೆ. ಆ ದಿನ ಮೂಸೆಯಲ್ಲಿ ಏನು ಬೆರೆತಿತ್ತು ಅನ್ನುವುದರ ಮೇಲೆ ಅದರ ಆಯಸ್ಸು.

ಉಬ್ಬಿರುವ ಪಾಟ್ ಮೆಟಲ್ಲನ್ನು ಮೊದಲಿನ ಹಾಗೆ ಮಾಡಬಹುದಾ?

ಇಲ್ಲ. ಯಾವ ರಾಸಾಯನಿಕದಿಂದಲೂ ಆಗುವುದಿಲ್ಲ. ಒಣ ಜಾಗದಲ್ಲಿಟ್ಟರೆ ಅದರ ವೇಗ ಕಡಿಮೆಯಾಗುತ್ತದೆ, ಅಷ್ಟೇ.

ಬಿರುಕು ಸಣ್ಣದು. ಅಂಟು ಹಾಕಿದರೆ ನಿಲ್ಲುತ್ತದಾ?

ಬಿರುಕು ಎರಡು ಥರ. ಒಂದು ಪೆಟ್ಟು ಬಿದ್ದು ಆದದ್ದು. ಒಂದೇ ಗೆರೆ ಇರುತ್ತದೆ, ಎರಡು ತುಂಡು ಜೋಡಿಸಿದರೆ ಕೂದಲಿನ ಸಂದಿಯೂ ಇಲ್ಲದೆ ಕೂರುತ್ತವೆ. ಇದಕ್ಕೆ ಅಂಟು ನಿಲ್ಲುತ್ತದೆ. ಇನ್ನೊಂದು ಒಳಗಿನ ಕಾಯಿಲೆಯಿಂದ ಆದದ್ದು. ಕೆರೆ ಒಣಗಿದಾಗಿನ ನೆಲದ ಹಾಗೆ ಎಲ್ಲ ಕಡೆ ಗೆರೆಗಳು, ಅಂಚು ಬಾಗಿರುತ್ತದೆ, ತುಂಡುಗಳು ಒಂದಕ್ಕೊಂದು ಕೂರುವುದೇ ಇಲ್ಲ. ಇದಕ್ಕೆ ಅಂಟು ಹಾಕಿದರೆ ಇವತ್ತು ಹಿಡಿಯುತ್ತದೆ, ನಾಳೆ ಪಕ್ಕದಲ್ಲಿ ಸೀಳುತ್ತದೆ.

ಮೊದಲನೆಯದಕ್ಕೆ ಲೋಹದ ಪುಡಿ ಬೆರೆತ ಎರಡು ಟ್ಯೂಬಿನ ಎಪಾಕ್ಸಿ ಒಳ್ಳೆಯದು. ನಿಧಾನವಾಗಿ ಗಟ್ಟಿಯಾಗುವುದನ್ನೇ ತೆಗೆದುಕೊಳ್ಳಿ. ಐದು ನಿಮಿಷದ್ದು ಅಷ್ಟು ಬಲವಾಗಿರುವುದಿಲ್ಲ. ಅಸಿಟೋನ್‌ನಿಂದ ಎಣ್ಣೆ ಜಿಡ್ಡು ಪೂರ್ತಿ ತೆಗೆಯಿರಿ. ಹತ್ತಿಯಲ್ಲಿ ಒರೆಸಿ, ಹತ್ತಿ ಬೆಳ್ಳಗೇ ಉಳಿಯುವವರೆಗೆ ಮತ್ತೆ ಒರೆಸಿ. ತೆಳ್ಳಗೆ ಸವರಿ, ಕೂಡಿಸಿ, ರಬ್ಬರ್ ಬ್ಯಾಂಡಿನಲ್ಲಿ ಹಿಡಿಸಿ 24 ಗಂಟೆ ಮುಟ್ಟಬೇಡಿ. ಭಾರ ಹೊರುವ ಜಾಗವಾದರೆ ಒಳಬದಿಯಲ್ಲಿ ತೆಳು ಹಿತ್ತಾಳೆ ಪಟ್ಟಿಯೊಂದನ್ನು ಅದೇ ಎಪಾಕ್ಸಿಯಲ್ಲಿ ಕೂರಿಸಿ. ಹೊರಗಿನಿಂದ ಕಾಣುವುದಿಲ್ಲ, ಬಲವೂ ಬರುತ್ತದೆ.

ಬೆಸುಗೆ ಹಾಕಿಸಿದರೆ?

ಬೇಡ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಅದರ ಮಿಶ್ರಲೋಹ ಅದಕ್ಕೂ ಮೊದಲೇ. ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಜಾಸ್ತಿ ಬೇಕು. ಬೆಸುಗೆ ಹರಿಯುವ ಮೊದಲೇ ನಿಮ್ಮ ಭಾಗ ಹರಿದು ಹೋಗಿರುತ್ತದೆ. ಸತುವಿನ ಹೊಗೆ ಕುಡಿದರೆ ಜ್ವರವೂ ಬರುತ್ತದೆ. ಹಿತ್ತಾಳೆಗೆ, ಉಕ್ಕಿಗೆ ಬೆಸುಗೆ ಒಳ್ಳೆಯ ಮದ್ದು. ಪಾಟ್ ಮೆಟಲ್ಲಿಗೆ ಅಲ್ಲ.

ಹಾಗಾದರೆ ಹಳೆಯದನ್ನೇ ಅಚ್ಚಿಗಿಟ್ಟು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಬಹುದಾ?

ಖಂಡಿತ ಮಾಡಬಹುದು, ಉಬ್ಬಿದ ಭಾಗಕ್ಕೆ ಇದೇ ಸರಿಯಾದ ದಾರಿ. ಆದರೆ ಇಲ್ಲಿ ತುಂಬಾ ಜನ ಎಡವುತ್ತಾರೆ. ಉಬ್ಬಿದ ಭಾಗವನ್ನೇ ಅಚ್ಚಿಗಿಟ್ಟರೆ ಹೊಸದೂ ಉಬ್ಬಿಕೊಂಡೇ ಬರುತ್ತದೆ! ಸೊಟ್ಟ ಅಂಚು, ಜರುಗಿದ ಸ್ಕ್ರೂ ತೂತು ಎಲ್ಲ ಹಾಗೇ ನಕಲಾಗುತ್ತದೆ. ಅದರ ಮೇಲೆ ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಹಾಗಾಗಿ ಅಳತೆ ಯಾವ ಕಡೆಗೂ ಸರಿಯಾಗುವುದಿಲ್ಲ.

ಅಳತೆಯನ್ನು ಕೆಟ್ಟ ಭಾಗದಿಂದ ತೆಗೆದುಕೊಳ್ಳಬೇಡಿ. ಅದು ಹೋಗಿ ಕೂರುವ ಚೆನ್ನಾಗಿರುವ ಭಾಗದಿಂದ ತೆಗೆಯಿರಿ. ಬಿಲ್ಲೆ ಹಾಳಾಗಿದ್ದರೆ ಅದು ಕೂರುವ ಸೌಂಡ್ ಬಾಕ್ಸ್ ಉಕ್ಕಿನದೋ ಹಿತ್ತಾಳೆಯದೋ ಆಗಿರುತ್ತದೆ, ಅದರ ಅಳತೆ ಬದಲಾಗಿರುವುದಿಲ್ಲ. ದುಂಡಗಿನ ಭಾಗವಾದರೆ ಎರಕವೇ ಬೇಡ. ಹಿತ್ತಾಳೆ ಸಲಾಕೆಯಿಂದ ಲೇತಿನಲ್ಲಿ ಕಡೆಸಿ. ನನ್ನ ಅನುಭವದಲ್ಲಿ ಕಡೆದ ಬಿಲ್ಲೆಯಷ್ಟು ನಿಖರವಾಗಿ ಎರಕದ ಬಿಲ್ಲೆ ಕೂರುವುದಿಲ್ಲ. ಟೋನ್ ಆರ್ಮಿನ ಬಾಗಿದ ಮೊಣಕೈಯಂಥ ಭಾಗಕ್ಕೆ ಮಾತ್ರ ಎರಕ ಬೇಕು. ಅದಕ್ಕೂ ಕಂಪ್ಯೂಟರಿನಲ್ಲಿ ಸರಿಯಾದ ಅಳತೆಗೆ ಚಿತ್ರ ಬಿಡಿಸಿ, 3ಡಿ ಪ್ರಿಂಟಿನಲ್ಲಿ ಮಾದರಿ ತೆಗೆದು, ಅದನ್ನು ಅಚ್ಚಿಗಿಡುವುದು ಈಗ ಸುಲಭವಾಗಿದೆ.

ಸೌಂಡ್ ಬಾಕ್ಸ್ ಟೋನ್ ಆರ್ಮಿನಿಂದ ಬರುತ್ತಲೇ ಇಲ್ಲ. ಎಳೆದು ತೆಗೆಯಲಾ?

ಎಳೆಯಬೇಡಿ. ಇದನ್ನು ಕಲಿಯಲು ನಾನು ಒಂದು ಒಳ್ಳೆ ಸೌಂಡ್ ಬಾಕ್ಸ್ ಕಳೆದುಕೊಂಡಿದ್ದೇನೆ. ಕಾಲು ಸುತ್ತು ತಿರುಗಿಸಿದರೆ ಬರಬೇಕಾದದ್ದು ಬರಲಿಲ್ಲ. ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು ಸ್ವಲ್ಪ ಒತ್ತಿದೆ. ಟಿಕ್ ಅಂತ ಒಂದು ಸಣ್ಣ ಸದ್ದು. ಹಿಂಬದಿಯ ಬಿಲ್ಲೆಯ ಮೂರನೇ ಒಂದು ಭಾಗ ಅಂಗೈಗೆ ಬಿತ್ತು. ಮುರಿದ ಅಂಚಿನಿಂದ ಬೂದು ಪುಡಿ ಉದುರುತ್ತಿತ್ತು. ಹೊರಗಿನ ನಿಕಲ್ ಮಾತ್ರ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ.

ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಿ. ಹೆಚ್ಚಾಗಿ ಸಿಕ್ಕಿಕೊಳ್ಳುವುದು ಎರಡು ಕಾರಣಕ್ಕೆ. ಬಿಲ್ಲೆಯ ಒಳಗಿನ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿ ಕೊಳವೆಗೆ ಕಚ್ಚಿಕೊಂಡಿರುತ್ತದೆ. ಅಥವಾ ಪಾಟ್ ಮೆಟಲ್ ಉಬ್ಬಿ ಬಿಗಿಯಾಗಿರುತ್ತದೆ. ರಬ್ಬರ್ ಕಾರಣವಾದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಬೆಂಕಿ ಬೇಡ, ಕೈಗೆ ತಡೆಯುವಷ್ಟು ಬಿಸಿ ಸಾಕು. ಸಂದಿಗೆ ಒಂದೆರಡು ಹನಿ ತೆಳು ಎಣ್ಣೆ ಬಿಡಿ. ಮಾರನೆಯ ದಿನ ಎಡಕ್ಕೆ ಬಲಕ್ಕೆ ಒಂದೊಂದು ಕೂದಲಷ್ಟು ಅಲುಗಿಸಿ. ವಾರ ಹಿಡಿದರೂ ಪರವಾಗಿಲ್ಲ.

ಬಿಲ್ಲೆ ಉಬ್ಬಿದೆ ಅಂತ ಖಚಿತವಾದರೆ ಅದು ಹೇಗೂ ಉಳಿಯುವುದಿಲ್ಲ. ಆಗ ಉಳಿಸಬೇಕಾದದ್ದು ಟೋನ್ ಆರ್ಮನ್ನು. ಸೌಂಡ್ ಬಾಕ್ಸಿನ ಹಿಂಬದಿಯ ಸ್ಕ್ರೂ ಬಿಚ್ಚಿ ಮುಂಭಾಗವನ್ನು ಬೇರೆ ಮಾಡಿಕೊಳ್ಳಿ. ನಡುಗಿ ಸದ್ದು ಹೊಮ್ಮಿಸುವ ಕಾಗೆ ಬಂಗಾರದ (ಮೈಕಾ) ತಗಡು ಅದರಲ್ಲಿರುತ್ತದೆ, ಜೋಪಾನ. ಆಮೇಲೆ ಬಿಲ್ಲೆಯನ್ನು ಸಣ್ಣ ಗರಗಸದಲ್ಲಿ ಕೊಯ್ದು ತೆಗೆಯಿರಿ.

ತುಕ್ಕು ಹಿಡಿದ ಸ್ಕ್ರೂ ಬರುತ್ತಿಲ್ಲ.

ಸ್ಕ್ರೂಡ್ರೈವರ್ ಸರಿಯಾಗಿದೆಯಾ ನೋಡಿ. ಈಗಿನ ಸ್ಕ್ರೂಡ್ರೈವರ್ ತುದಿ ಆಪಿನ ಹಾಗೆ ಇಳಿಜಾರಾಗಿರುತ್ತದೆ, ತಿರುಗಿಸಿದರೆ ಮೇಲಕ್ಕೆ ಎದ್ದು ಸ್ಕ್ರೂ ತಲೆ ಕಿತ್ತುಹಾಕುತ್ತದೆ. ಬಂದೂಕು ರಿಪೇರಿಯವರು ಬಳಸುವ ಥರ ಎರಡೂ ಮುಖ ಸಮಾನಾಂತರವಾಗಿ ಉಜ್ಜಿದ ತುದಿ ಬೇಕು. ಅದು ಸೀಳಿನ ಉದ್ದಕ್ಕೂ ಆಳಕ್ಕೂ ಪೂರ್ತಿ ಕೂರಬೇಕು.

ಅಸಿಟೋನ್ ಅರ್ಧ, ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಅರ್ಧ ಬೆರೆಸಿ ಒಂದು ಹನಿ ಬಿಟ್ಟರೆ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಬಣ್ಣದ ಮೇಲೆ ಬೀಳದಿರಲಿ, ಅಸಿಟೋನ್ ಬಣ್ಣ ತಿನ್ನುತ್ತದೆ, ಬೆಂಕಿಯ ಹತ್ತಿರವೂ ಬೇಡ. ಉಕ್ಕಿನ ಸ್ಕ್ರೂ ಬೀಡು ಕಬ್ಬಿಣದಲ್ಲಿದ್ದರೆ ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಬಿಸಿ ತುದಿಯನ್ನು ಸ್ಕ್ರೂ ತಲೆ ಮೇಲೆ ಎರಡು ನಿಮಿಷ ಇಟ್ಟು, ಆರಲು ಬಿಟ್ಟು ಪ್ರಯತ್ನಿಸಿ. ಮೊದಲು ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬಿಗಿ ಮಾಡುವಾಗ ತುಕ್ಕಿನ ಹಿಡಿತ ಬಿಡುತ್ತದೆ.

ಕಳೆದುಹೋದ ಸ್ಕ್ರೂಗೆ ಬದಲಿ ಸಿಗುತ್ತದಾ?

ಮರೆಯ (ಸ್ಕ್ರೂ ಮೇಲಿನ ಸುರುಳಿ ಗೆರೆಯ) ಅಳತೆ ಗೊತ್ತಾಗದೆ ಯಾವುದನ್ನೂ ತುರುಕಬೇಡಿ. ಬ್ರಿಟಿಷ್ ಮಷೀನುಗಳಲ್ಲಿ ಬಿಎ, ವಿಟ್‌ವರ್ತ್ ಅನ್ನುವ ಹಳೆ ಬ್ರಿಟಿಷ್ ಅಳತೆಯ ಮರೆಗಳಿರುತ್ತವೆ. ಅಮೆರಿಕದ ಹಳೆ ಮಷೀನುಗಳಲ್ಲಿ ಈಗ ಯಾರೂ ಮಾಡದ ಮರೆಗಳೂ ಇವೆ. ಈಗಿನ ಮೆಟ್ರಿಕ್ ಸ್ಕ್ರೂ ಎರಡು ಸುತ್ತು ಸರಾಗವಾಗಿ ಹೋಗಿ ಮೂರನೆಯದರಲ್ಲಿ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಹೊಸ ಸ್ಕ್ರೂ ಕಡೆಸುವುದು ಸಣ್ಣ ಕೆಲಸ. ತೂತಿನ ಮರೆ ಹಾಳಾದರೆ ದೊಡ್ಡ ಕೆಲಸ.

ಉಕ್ಕಿನ ಭಾಗಗಳ ತುಕ್ಕು ತೆಗೆಯಲು ಆ್ಯಸಿಡ್ ಬಳಸಬಹುದಾ?

ಸಾದಾ ಬ್ರಾಕೆಟ್, ಹ್ಯಾಂಡಲ್‌ಗೆ ತೆಳು ಆ್ಯಸಿಡ್‌ನಿಂದ ಅಂಥ ಅಪಾಯ ಇಲ್ಲ. ಸ್ಪ್ರಿಂಗಿಗೆ ಮಾತ್ರ ಯಾವತ್ತೂ ಬೇಡ. ಹದ ಹಿಡಿಸಿದ ಗಟ್ಟಿ ಉಕ್ಕು ಆ್ಯಸಿಡ್‌ನಲ್ಲಿದ್ದಾಗ ಹೈಡ್ರೋಜನ್ ಒಳಗೆ ಹೀರಿಕೊಳ್ಳುತ್ತದೆ. ನೋಡಲು ಫಳಫಳ ಅನ್ನುತ್ತದೆ, ಆದರೆ ಗಾಜಿನ ಹಾಗೆ ಪೆಡಸಾಗಿರುತ್ತದೆ. ಜೋಡಿಸಿದ ಮೇಲೆ ಯಾವತ್ತೋ ಒಂದು ದಿನ ಪಟ್ ಅಂತ ಮುರಿಯುತ್ತದೆ. ವಿದ್ಯುತ್ತಿನಿಂದ ತುಕ್ಕು ತೆಗೆಯುವ ತೊಟ್ಟಿಯಲ್ಲೂ, ನಿಕಲ್ ಲೇಪ ಹಾಕಿಸುವಾಗಲೂ ಇದೇ ತೊಂದರೆ. ಅದಕ್ಕೇ ಗವರ್ನರ್ ಸ್ಪ್ರಿಂಗಿಗೆ ನಿಕಲ್ ಹಾಕಿಸಬಾರದು.

ತುಕ್ಕನ್ನು ಮಾತ್ರ ಹಿಡಿದು ಬಿಡಿಸುವ, ಆ್ಯಸಿಡ್ ಅಲ್ಲದ ದ್ರಾವಣಗಳು ಸಿಗುತ್ತವೆ. ಒಂದು ರಾತ್ರಿ ಮುಳುಗಿಸಿಟ್ಟರೆ ಸಾಕು, ತೊಳೆದು ತಕ್ಷಣ ಒಣಗಿಸಿ ಎಣ್ಣೆ ಸವರಿ. ಮೇಲುಮೇಲಿನ ತುಕ್ಕಿಗೆ ಎಣ್ಣೆ ಹಾಕಿ ನಾಲ್ಕು ಸೊನ್ನೆಯ (0000, ಅಂದರೆ ತೀರ ನುಣುಪಾದ) ಉಕ್ಕಿನ ಉಣ್ಣೆಯಲ್ಲಿ ಮೆತ್ತಗೆ ಉಜ್ಜಿದರೆ ಆಯಿತು.

ಪಾಟ್ ಮೆಟಲ್ಲಿಗೆ ಆ್ಯಸಿಡ್, ಕ್ಷಾರ ಎರಡೂ ವಿಷ. ವಿನೆಗರ್ ಕೂಡ ಸತುವನ್ನು ತಿನ್ನುತ್ತದೆ.

ನಿಕಲ್ ಅಲ್ಲಲ್ಲಿ ಹೋಗಿದೆ. ಪೂರ್ತಿ ಹೊಸ ಗಿಲೀಟು ಹಾಕಿಸಲಾ?

ನನ್ನ ಮಾತು ಕೇಳುವುದಾದರೆ, ಬೇಡ. ಹೊಸ ನಿಕಲ್ ಹಿಡಿಯಬೇಕಾದರೆ ಹಳೆಯದನ್ನು ಕಿತ್ತು, ಅಡಿಯ ಲೋಹವನ್ನು ಚಕ್ರದಲ್ಲಿ ಉಜ್ಜಬೇಕು. ಅಂಚುಗಳು ಮೊಂಡಾಗುತ್ತವೆ, ಪೇಟೆಂಟ್ ದಿನಾಂಕ ಬರೆದ ಅಕ್ಷರಗಳು ಮಸುಕಾಗುತ್ತವೆ. ಸೀರಿಯಲ್ ನಂಬರೇ ಅಳಿಸಿಹೋದ ಮಷೀನು ನೋಡಿದ್ದೇನೆ, ಹೊಟ್ಟೆ ಉರಿಯಿತು.

ಲೇಪ ಪೂರ್ತಿ ಹೋಗಿ ತುಕ್ಕು ಒಳಗಿಳಿಯುತ್ತಿದ್ದರೆ ಹಾಕಿಸಿ. ಆದರೆ ನಿಕಲ್ಲನ್ನೇ ಹಾಕಿಸಿ, ಕ್ರೋಮ್ ಬೇಡ. 1920ರ ದಶಕದ ಮಧ್ಯದವರೆಗೆ ಕ್ರೋಮ್ ಲೇಪ ಬಳಕೆಗೇ ಬಂದಿರಲಿಲ್ಲ. ನಿಕಲ್ಲಿನಲ್ಲಿ ಒಂದು ಬೆಚ್ಚನೆಯ ಹಳದಿ ಛಾಯೆ ಇರುತ್ತದೆ, ಕ್ರೋಮ್ ತಣ್ಣಗೆ ನೀಲಿ ಹೊಡೆಯುತ್ತದೆ. 1905ರ ಮಷೀನಿಗೆ ಕ್ರೋಮ್ ಹಾಕಿದರೆ ಆಚೆ ಕೋಣೆಯಿಂದಲೇ ಗೊತ್ತಾಗುತ್ತದೆ.

ಹಿತ್ತಾಳೆ ಹಾರ್ನ್ ಕಪ್ಪಾಗಿದೆ, ಕಿಲುಬು ಕಟ್ಟಿದೆ. ಬೆಳಗುವುದಕ್ಕೆ ಏನು ಬಳಸಲಿ?

ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡ. ಹಾರ್ನನ್ನು ತಗಡಿನಿಂದ ಒತ್ತಿ, ತಿರುಗಿಸಿ ಮಾಡಿರುತ್ತಾರೆ. ಆ ಒತ್ತಡ ಲೋಹದೊಳಗೆ ಹಾಗೇ ಉಳಿದಿರುತ್ತದೆ. ಅಂಥ ಹಿತ್ತಾಳೆಗೆ ಅಮೋನಿಯಾ ತಾಗಿದರೆ ತನ್ನಷ್ಟಕ್ಕೆ ಸೀಳುತ್ತದೆ. ಬ್ರಿಟಿಷ್ ಸೇನೆಗೆ ಇದು ಮೊದಲು ಗೊತ್ತಾದದ್ದು ಭಾರತದಲ್ಲಿ. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳ ಹಿತ್ತಾಳೆ ಕವಚ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣ. ಹಳೆ ಹಾರ್ನಿನ ಬಾಯಂಚಿನಲ್ಲಿ ಕಾಣುವ ಉದ್ದುದ್ದ ಸೀಳುಗಳಲ್ಲಿ ಎಷ್ಟೋ ಇದೇ ಜಾತಿಯವು.

ಮೊದಲು ಸಾಬೂನು ನೀರಿನಲ್ಲಿ ತೊಳೆಯಿರಿ. ಅರ್ಧ ಕೊಳೆ ಅದರಲ್ಲೇ ಹೋಗುತ್ತದೆ. ಹಳೆ ಲ್ಯಾಕರ್ (ಮೇಲೆ ಹಚ್ಚಿದ ಪಾರದರ್ಶಕ ಲೇಪ) ಉಳಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಲ್ಯಾಕರ್ ಇಲ್ಲದಿದ್ದರೆ ನುಣುಪಾದ ಸೀಮೆಸುಣ್ಣದ ಪುಡಿಯನ್ನು ತೆಳು ಎಣ್ಣೆಯಲ್ಲಿ ಕಲಸಿ ಉಜ್ಜಿ. ನಿಧಾನ ಆಗುತ್ತದೆ, ಆದರೆ ಲೋಹ ಅಷ್ಟಾಗಿ ಸವೆಯುವುದಿಲ್ಲ.

ಹಾರ್ನಿನಲ್ಲಿ ತಗ್ಗು ಬಿದ್ದಿದೆ.

ಕಬ್ಬಿಣದ ಸುತ್ತಿಗೆ ಎತ್ತಿಡಿ. ಹೊರಗೆ ಮರಳು ತುಂಬಿದ ಚರ್ಮದ ಚೀಲ, ಒಳಗೆ ಹಾರ್ನಿನ ಬಾಗಿಗೆ ಹೊಂದುವಂತೆ ಕೆತ್ತಿದ ಮರದ ತುಂಡು. ಹೊಡೆಯುವುದಕ್ಕಿಂತ ತಳ್ಳುವುದು ಜಾಸ್ತಿ ಇರಲಿ. ತಗ್ಗಿನ ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ನಡುವಿಗೇ ಹೊಡೆದರೆ ಲೋಹ ಹಿಗ್ಗಿ ಗುಬುಟು ಬರುತ್ತದೆ, ಅದನ್ನು ಮತ್ತೆ ಕುಗ್ಗಿಸುವುದು ಬಹಳ ಕಷ್ಟ. ಮೆತ್ತಗಾಗಲಿ ಅಂತ ಕಾಯಿಸಬೇಡಿ. ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಹಾರ್ನ್ ಜೋಡಣೆಯೇ ಬಿಟ್ಟುಹೋದೀತು.

ಎಡಿಸನ್ ಮಷೀನಿನ ಕಪ್ಪು ತಳದ ಮೇಲೆ ಚಿನ್ನದ ಗೆರೆಗಳಿವೆ. ಹೇಗೆ ಒರೆಸಲಿ?

ಸ್ಪಿರಿಟ್ ಬೇಡ, ಗಾಜು ಒರೆಸುವ ದ್ರಾವಣ ಬೇಡ, ನೀರೂ ಬೇಡ. ಆ ಚಿತ್ತಾರದ ಮೇಲೆ ಅರಗಿನ ತೆಳು ಪದರ ಇರುತ್ತದೆ. ಸ್ಪಿರಿಟ್ ತಾಗಿದರೆ ಒಂದೇ ಒರೆತಕ್ಕೆ ಚಿನ್ನವೆಲ್ಲ ಬಟ್ಟೆಗೆ ಬರುತ್ತದೆ. ಕಿವಿ ಒರೆಸುವ ಹತ್ತಿ ಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ, ಕಾಣದ ಮೂಲೆಯಲ್ಲಿ ಮೊದಲು ನೋಡಿ. ಕಡ್ಡಿ ಕಂದು ಬಣ್ಣಕ್ಕೆ ಬಂದರೆ ಕೊಳೆ, ಬಂಗಾರ ಬಣ್ಣ ಕಂಡರೆ ತಕ್ಷಣ ನಿಲ್ಲಿಸಿ.

ಆಡುವಾಗ ಒಳಗಿಂದ ದಬ್ ದಬ್ ಅಂತ ಸದ್ದು ಬರುತ್ತದೆ. ಸ್ಪ್ರಿಂಗ್ ಮುರಿದಿದೆಯಾ?

ಬಹುಶಃ ಇಲ್ಲ. ಗ್ರೀಸು ಒಣಗಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಟ್ಟುಕೊಳ್ಳುವಾಗ ಒಮ್ಮೆಲೇ ಜಾರುತ್ತವೆ. ಮುರಿದಿದ್ದರೆ ಹ್ಯಾಂಡಲ್ ತಿರುಗಿಸುತ್ತಲೇ ಇರಬಹುದು, ಎಲ್ಲೂ ಬಿಗಿಯಾಗುವುದಿಲ್ಲ.

ಪರಿಹಾರ ಅಂದರೆ ಡಬ್ಬಿಯಿಂದ ಸ್ಪ್ರಿಂಗ್ ತೆಗೆದು, ತೊಳೆದು, ಹೊಸ ಗ್ರೀಸು ಹಾಕುವುದು. ಈ ಪುಟದಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ ಇದು. ಹಲವು ಅಡಿ ಉದ್ದದ ಉಕ್ಕಿನ ಪಟ್ಟಿ, ಬ್ಲೇಡಿನಂಥ ಅಂಚು. ಕೈ ತಪ್ಪಿದರೆ ಬೆರಳು, ಕಣ್ಣು ಎರಡಕ್ಕೂ ಗಂಡಾಂತರ. ಮೊದಲು ಮಷೀನನ್ನು ತನ್ನಷ್ಟಕ್ಕೆ ತಿರುಗಿ ನಿಲ್ಲಲು ಬಿಡಿ. ಪೂರ್ತಿ ನಿಂತ ಮೇಲೂ ಡಬ್ಬಿಯೊಳಗೆ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ, ಮರೆಯಬೇಡಿ. ದಪ್ಪ ಚರ್ಮದ ಕೈಗವಸು, ಕನ್ನಡಕ ಹಾಕಿ. ಯಾವ ದಿಕ್ಕಿಗೆ ಸುತ್ತಿದೆ ಅಂತ ಡಬ್ಬಿ ಮೇಲೆ ಗುರುತು ಮಾಡಿ. ಒಂದು ಕೈ ಸ್ಪ್ರಿಂಗಿನ ಮೇಲೆ ಒತ್ತಿಟ್ಟು, ನಡುವಿನಿಂದ ಒಂದೊಂದೇ ಸುತ್ತು ಬಿಡುತ್ತಾ ಬನ್ನಿ. ಹಿಂದೆ ಯಾರಾದರೂ ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡದೆ ಇದಕ್ಕೆ ಕೈ ಹಾಕಬೇಡಿ. ಗಡಿಯಾರ ರಿಪೇರಿಯವರಿಗೆ ಕೊಟ್ಟರೂ ಸರಿ.

ಹೊಸ ಗ್ರೀಸಿಗೆ ಪೆಟ್ರೋಲಿಯಂ ಜೆಲ್ಲಿಯಲ್ಲಿ ಗ್ರಾಫೈಟ್ ಪುಡಿ ಕಲಸುವುದು ಹಳೆಯ ಪದ್ಧತಿ, ಈಗಲೂ ಚೆನ್ನಾಗಿ ನಡೆಯುತ್ತದೆ. ತೆಳ್ಳಗೆ ಸವರಿದರೆ ಸಾಕು.

ಸ್ಪ್ರಿಂಗಿನ ತುದಿ ಮಾತ್ರ ಮುರಿದಿದೆ. ಹೊಸದೇ ಬೇಕಾ?

ಹೊರತುದಿ ಮುರಿದಿದ್ದರೆ ಉಳಿಸಬಹುದು. ಮುರಿದ ಕಡೆಯಿಂದ ಎರಡು ಮೂರು ಸೆಂಟಿಮೀಟರ್ ಮಾತ್ರ ಕೆಂಪಗೆ ಕಾಯಿಸಿ ನಿಧಾನ ಆರಲು ಬಿಡಿ, ಉಕ್ಕು ಮೆತ್ತಗಾಗುತ್ತದೆ. ಉಳಿದ ಭಾಗಕ್ಕೆ ಬಿಸಿ ಹೋಗದಂತೆ ಒದ್ದೆ ಬಟ್ಟೆ ಸುತ್ತಿರಿ. ಹಳೆ ತೂತಿನ ಆಕಾರದಲ್ಲೇ ಹೊಸ ತೂತು ಕೊರೆದು, ಅಂಚನ್ನು ಅರದಲ್ಲಿ ನುಣ್ಣಗೆ ಮಾಡಿ. ಚೂಪು ಮೂಲೆ ಉಳಿದರೆ ಮತ್ತೆ ಅಲ್ಲಿಂದಲೇ ಸೀಳುತ್ತದೆ. ನಡುವೆ ಮುರಿದಿದ್ದರೆ ಹೊಸದು ತನ್ನಿ. ಅಗಲ, ದಪ್ಪ, ಉದ್ದ ಮೂರೂ ಅಳೆದು ತನ್ನಿ.

ವೇಗ ಒಂದೇ ಸಮ ಇರುವುದಿಲ್ಲ. ಗವರ್ನರ್ ಏನು ಮಾಡಬೇಕು?

ಗವರ್ನರ್ ಅಂದರೆ ಮೂರು ಸೀಸದ ತೂಕ, ಅವನ್ನು ಹಿಡಿದ ಮೂರು ತೆಳು ಉಕ್ಕಿನ ಸ್ಪ್ರಿಂಗ್ ಪಟ್ಟಿ. ವೇಗ ಹೆಚ್ಚಿದರೆ ತೂಕಗಳು ಹೊರಗೆ ಹಾರುತ್ತವೆ, ಅವಕ್ಕೆ ಸೇರಿದ ಬಿಲ್ಲೆ ಜರುಗಿ ಚರ್ಮದ ತುಂಡಿಗೆ ಉಜ್ಜುತ್ತದೆ, ವೇಗ ತಗ್ಗುತ್ತದೆ. ಇಷ್ಟು ಸರಳ. ಆದರೆ ಮೂರರಲ್ಲಿ ಒಂದು ಪಟ್ಟಿ ಸೊಟ್ಟಗಿದ್ದರೂ ಹಾಡು ಅಲುಗಾಡುತ್ತದೆ.

ಪಟ್ಟಿ ಒಂದು ಮುರಿದರೆ ಮೂರನ್ನೂ ಬದಲಿಸಿ. ಒಂದೇ ದಪ್ಪ, ಒಂದೇ ಉದ್ದ. ಸ್ಕ್ರೂ ಬಿಗಿಮಾಡುವಾಗ ಪಟ್ಟಿ ತಿರುಚಿಕೊಳ್ಳುತ್ತದೆ, ಬೆರಳಿನಿಂದ ನೇರ ಹಿಡಿದುಕೊಂಡೇ ಬಿಗಿ ಮಾಡಿ. ಚರ್ಮದ ತುಂಡು ಕಲ್ಲಾಗಿದ್ದರೆ ಬದಲಿಸಿ ಒಂದು ಹನಿ ಎಣ್ಣೆ ಕುಡಿಸಿ. ಎರಡು ತುದಿಯ ಬೇರಿಂಗ್ ಎಷ್ಟೋ ಮೋಟಾರುಗಳಲ್ಲಿ ನಡುವಿನಿಂದ ಸ್ವಲ್ಪ ಸರಿದ ತೂತಿನವು. ಅವನ್ನು ತಿರುಗಿಸಿದರೆ ಹಲ್ಲುಗಳ ಕಚ್ಚುವಿಕೆ ಬದಲಾಗುತ್ತದೆ. ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ.

ಮತ್ತೆ, ಚಾವಿ ಇರುವಾಗ ಗವರ್ನರ್ ಸಡಿಲ ಮಾಡಬೇಡಿ. ಹಿಡಿದುಕೊಳ್ಳುವವರಿಲ್ಲದೆ ಎಲ್ಲ ಚಕ್ರಗಳೂ ಒಮ್ಮೆಲೇ ಓಡಿ ಹಲ್ಲುಗಳನ್ನು ಕಿತ್ತುಹಾಕುತ್ತವೆ.

ತೂಕಗಳ ಮೇಲೆ ಬಿಳಿ ಪುಡಿ ಕೂತಿದೆ.

ಸೀಸದ ಕಿಲುಬು ಅದು, ವಿಷ. ಊದಬೇಡಿ, ಒಣಗಿದ ಬ್ರಷ್ಷಿನಲ್ಲಿ ಉಜ್ಜಬೇಡಿ. ಕೈಗವಸು ಹಾಕಿ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಮಕ್ಕಳ ಕೈಗೆ ಸಿಗದಂತೆ ಬಿಸಾಡಿ. ಓಕ್ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮಷೀನುಗಳಲ್ಲಿ ಇದು ಜಾಸ್ತಿ. ಆ ಮರದಿಂದ ಹೊರಡುವ ಹುಳಿ ಆವಿ ಸೀಸವನ್ನೂ ಸತುವನ್ನೂ ತಿನ್ನುತ್ತದೆ.

ಸಿಲಿಂಡರ್ ಮಷೀನಿನಲ್ಲಿ ಹಾಡು ಒಂದೇ ಕಡೆ ನಿಂತುಬಿಡುತ್ತದೆ.

ಸೂಜಿಯನ್ನು ಸಿಲಿಂಡರಿನ ಉದ್ದಕ್ಕೆ ಸರಿಸುವ ಫೀಡ್ ಸ್ಕ್ರೂ ನೋಡಿ. ಅದರಲ್ಲಿ ಒಂದು ಇಂಚಿಗೆ 100 ಮರೆ. ಎರಡು ನಿಮಿಷದ ಸಿಲಿಂಡರಿನ ಗೆರೆಗಳೂ ಇಂಚಿಗೆ ಅಷ್ಟೇ. 1908ರಲ್ಲಿ ಬಂದ ನಾಲ್ಕು ನಿಮಿಷದ ಅಂಬೆರಾಲ್ ಸಿಲಿಂಡರಿನಲ್ಲಿ 200 ಗೆರೆ, ಅದಕ್ಕೆ ಗೇರು ಬದಲಾಗಬೇಕು. ಇಷ್ಟು ಸಣ್ಣ ಮರೆಯಲ್ಲಿ ಒಣಗಿದ ಎಣ್ಣೆ ಒಂದು ಪದರ ಕೂತರೂ ಅದರ ಮೇಲೆ ಸವಾರಿ ಮಾಡುವ ಅರ್ಧ ನಟ್ಟು ಜಾರುತ್ತದೆ. ಮೆತ್ತನೆ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಹಾಕಿ ಮರೆಯ ಉದ್ದಕ್ಕೆ ತೊಳೆಯಿರಿ. ಆಮೇಲೆ ಒಂದು ಹತ್ತಿ ದಾರವನ್ನು ಮರೆಯಲ್ಲಿ ಸುತ್ತಿ ಹಿಡಿದು ಸ್ಕ್ರೂ ತಿರುಗಿಸಿ. ದಾರ ಕರ್ರಗಾಗಿ ಹೊರಬರುತ್ತದೆ. ಬೆಳ್ಳಗೆ ಬರುವವರೆಗೆ ಹೊಸ ದಾರ ಹಾಕುತ್ತಿರಿ.

ಅರ್ಧ ನಟ್ಟಿನ ಹಲ್ಲು ಸವೆದಿದ್ದರೆ ಅದನ್ನೇ ಬದಲಿಸಿ. ಅರದಲ್ಲಿ ಚೂಪು ಮಾಡಲು ಹೋಗಬೇಡಿ, ಉಕ್ಕಿನ ಸ್ಕ್ರೂವನ್ನೇ ಕೆಡಿಸುತ್ತದೆ.

ಯಾವ ಎಣ್ಣೆ?

ಹೊಲಿಗೆ ಯಂತ್ರದ್ದು ಅಥವಾ ಗಡಿಯಾರದ್ದು. ಅಡುಗೆ ಎಣ್ಣೆ ಅಂಟಾಗುತ್ತದೆ. ಡಬ್ಲ್ಯೂಡಿ-40 ಸಡಿಲ ಮಾಡುವುದಕ್ಕೆ ಸರಿ, ಓಡುವುದಕ್ಕೆ ಸಾಲದು.

ಎಲ್ಲ ಜೋಡಿಸಿದ ಮೇಲೆ ವೇಗ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಪ್ಲೇಟಿನ ಅಂಚಿಗೆ ಒಂದು ಚೂರು ಕಾಗದ ಸಿಕ್ಕಿಸಿ, ಸೂಜಿ ಇಳಿಸಿ ಹಾಡಿಸುತ್ತಾ ಒಂದು ನಿಮಿಷ ಎಣಿಸಿ. 78 ಸುತ್ತು ಬರಬೇಕು. ಎಡಿಸನ್ ಡೈಮಂಡ್ ಡಿಸ್ಕ್ ಆದರೆ 80. ಸಿಲಿಂಡರಿಗೆ 160, ಅಷ್ಟು ಬೇಗ ಎಣಿಸಲು ಕಷ್ಟ, ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನ ಮಾಡಿ ಎಣಿಸಿ. ಸೂಜಿ ಇಳಿಸದೆ ಎಣಿಸಿದ ಲೆಕ್ಕ ಸುಳ್ಳು, ಸೂಜಿಯ ಭಾರಕ್ಕೆ ವೇಗ ಇಳಿಯುತ್ತದೆ.

ತೆಗೆದ ಹಳೆ ಭಾಗಗಳನ್ನು ಎಸೆಯಲಾ?

ದಯವಿಟ್ಟು ಎಸೆಯಬೇಡಿ. ಮುರಿದ ಗವರ್ನರ್ ಪಟ್ಟಿ, ಕಲ್ಲಾದ ರಬ್ಬರ್, ಬಿರಿದ ಬಿಲ್ಲೆ ಎಲ್ಲವನ್ನೂ ಬೇರೆ ಬೇರೆ ಚೀಟಿ ಅಂಟಿಸಿ ಒಂದು ಡಬ್ಬಿಯಲ್ಲಿಡಿ. ಯಾವಾಗ ತೆಗೆದಿರಿ, ಬದಲಿಗೆ ಏನು ಹಾಕಿದಿರಿ ಅಂತ ಬರೆಯಿರಿ. ಕೊಳೆಯುತ್ತಿರುವ ಪಾಟ್ ಮೆಟಲ್ ಚೂರನ್ನು ಮಾತ್ರ ಒಣ ಜಾಗದಲ್ಲಿ ಬೇರೆ ಡಬ್ಬಿಯಲ್ಲಿಡಿ. ಮಷೀನನ್ನು ಮುಂದೆ ಯಾರಿಗಾದರೂ ಕೊಡುವಾಗ ಡಬ್ಬಿಯನ್ನೂ ಜೊತೆಗೆ ಕೊಡಿ. ನನಗೆ ಒಂದು ಸಲ ಅಂಥ ಡಬ್ಬಿ ಸಿಕ್ಕಿತ್ತು. ಬೀಡು ಕಬ್ಬಿಣದ ಚೂರು, ಸ್ಕ್ರೂಗಳ ನಡುವೆ ಹಳದಿಯಾದ ಕಾಗದ, ಪೆನ್ಸಿಲಿನಲ್ಲಿ ಸ್ಪ್ರಿಂಗಿನ ಅಳತೆ. ಎಲ್ಲೂ ಸಿಗದ ಆ ಅಳತೆ ಹಿಡಿದೇ ಹೊಸ ಸ್ಪ್ರಿಂಗ್ ತರಿಸಿದೆ.